ಬಾಯಿಲ್ಲದ ಜೀವದ ಮೇಲೆ ನಿಗಾ

ಕನ್ನಡದಲ್ಲಿ ನಾವು ದಿನವೂ ಬಳಸುವ ‘ನಿಗಾ’ ಎಂಬ ಪದ ಪಾರಸಿಯ ಕಡೆಯಿಂದ ಬಂದದ್ದು. ಮೂಲದಲ್ಲಿ ಅದು ‘ನಿಗಾಹ್’, ಅಂದರೆ ನೋಟ. ಉರ್ದು ಗಜಲುಗಳಲ್ಲಿ ಪ್ರೇಯಸಿಯ ಕಣ್ಣಂಚಿನಲ್ಲಿ ಸುಳಿದಾಡಿಕೊಂಡಿದ್ದ ಈ ಶಬ್ದ ಕನ್ನಡದ ಮನೆಗೆ ಬಂದು ಸೇರಿದ ಮೇಲೆ ಸಂಸಾರದ ಹೊಣೆ ಹೊತ್ತುಕೊಂಡಿತು. ಒಲೆಯ ಮೇಲಿನ ಹಾಲಿನ ಮೇಲೆ ನಿಗಾ, ಜ್ವರ ಬಂದ ಮಗುವಿನ ಮೇಲೆ ನಿಗಾ, ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ. ಅದರ ಜೊತೆಗೇ ‘ನಜರ್’ ಎಂಬ ಇನ್ನೊಂದು ಪದವೂ ಬಂತು. ಅರಬಿ ಮೂಲದ ಈ ಪದಕ್ಕೂ ನೋಟವೆಂದೇ ಅರ್ಥ. ಆದರೆ ನಮ್ಮ ಓಣಿಗಳಲ್ಲಿ ನಜರ್ ಎಂದರೆ ತಾಗುವ ದೃಷ್ಟಿ. ಕಾಯುವ ನೋಟಕ್ಕೂ ಕೆಡಿಸುವ ನೋಟಕ್ಕೂ ನಾವು ಬೇರೆ ಬೇರೆ ಹೆಸರಿಟ್ಟುಕೊಂಡಿದ್ದೇವೆ. ಎರಡೂ ಹೊರಡುವುದು ಒಂದೇ ಕಣ್ಣಿನಿಂದ.

ಈ ಎರಡು ಪದಗಳ ನಡುವಿನ ಅಂತರ ಎಷ್ಟು ಸಣ್ಣದು ಎಂಬುದು ಮನೆಯಲ್ಲಿ ಸಾಕಿದ ಟಗರಿನ ಮುಂದೆ ನಿಂತಾಗ ತಿಳಿಯುತ್ತದೆ. ರಾರಾವಿ ಸಿರುಗುಪ್ಪ ತಾಲ್ಲೂಕಿನ ಅಂಚಿನ ಊರು. ಸಿರುಗುಪ್ಪದಿಂದ ಆದೋನಿಗೆ ಹೋಗುವ ದಾರಿಯಲ್ಲಿ, ನಕಾಶೆಯಲ್ಲಿ ವೇದಾವತಿ ಎಂದಿರುವ, ನಾವೆಲ್ಲ ಹಗರಿ ಎಂದೇ ಕರೆಯುವ ಹೊಳೆಯ ಬಳಿ ಇದೆ. ಕನ್ನಡ, ತೆಲುಗು, ದಖ್ಖನಿ ಉರ್ದು ಮೂರೂ ಒಂದೇ ಚಹಾದಂಗಡಿಯಲ್ಲಿ ಕೇಳಿಬರುವ ಸೀಮೆ. ಇಲ್ಲಿ ಹಿಂಡು ಇಟ್ಟವರು ಕುರುಬರು. ಆದರೆ ಒಂದೋ ಎರಡೋ ಟಗರನ್ನು ಹಿತ್ತಲಲ್ಲಿ ಕಟ್ಟಿ ಸಾಕುವವರು ಎಲ್ಲ ಜಾತಿಯಲ್ಲೂ ಇದ್ದಾರೆ. ಮುಸ್ಲಿಮರ ಮನೆಗಳಲ್ಲಿ ಬಕ್ರೀದಿಗೆಂದು ಒಂದು ವರ್ಷ ಮೊದಲೇ ಮರಿ ತಂದು ಕಟ್ಟುವ ರೂಢಿ ಇದೆ. ಹಾಗೆ ಕಟ್ಟಿದ ಟಗರಿನ ಕೊರಳಿಗೆ ಕರಿ ದಾರ ಬರುತ್ತದೆ. ತೂಕ ಎಷ್ಟಾಯಿತು ಎಂದು ಕೇಳಿದರೆ ಮನೆಯ ಹೆಂಗಸರು ಮಾತು ಮರೆಸುತ್ತಾರೆ. ತೂಗಬಾರದು, ಎಣಿಸಬಾರದು, ‘ಎಷ್ಟು ಕೊಬ್ಬಿದೆ’ ಎನ್ನಬಾರದು. ಅಂದರೆ ನಜರ್ ಆಗುತ್ತದೆ.

ಈ ನಂಬಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ನಾವೂ ಹಾಗೆ ತಳ್ಳಿಹಾಕುವವರೇ. ಆದರೆ ಅದರ ಒಳಗೆ ಒಂದು ಅನುಮಾನ ಅಡಗಿದೆ, ಅದು ನಿಜವಾದ ಅನುಮಾನ. ತೂಕ ಕೇಳುವವನು ಯಾಕೆ ಕೇಳುತ್ತಿದ್ದಾನೆ? ಬೆಲೆ ಕಟ್ಟಲಿಕ್ಕೋ, ಅದು ಚೆನ್ನಾಗಿದೆಯೇ ಎಂದು ತಿಳಿಯಲಿಕ್ಕೋ? ತಕ್ಕಡಿಯ ಮುಳ್ಳಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರಾಣಿಗೂ ಗೊತ್ತಾಗುವುದಿಲ್ಲ. ನಮ್ಮ ನೀಯತ್ತಿಗೆ ಮಾತ್ರ ಗೊತ್ತು. ಹಾಗಿದ್ದ ಮೇಲೆ, ಪ್ರಾಣಿಗೆ ಗೊತ್ತೇ ಆಗದ ಈ ವ್ಯತ್ಯಾಸಕ್ಕೆ ಅರ್ಥವಾದರೂ ಏನು? ನಾವು ಇಲ್ಲಿ ಯೋಚಿಸಹೊರಟಿರುವುದು ಈ ಪ್ರಶ್ನೆಯನ್ನು.

ಮೊದಲು ಪ್ರಾಣಿಯ ಸ್ವಭಾವದ ಬಗ್ಗೆ ಒಂದು ಮಾತು. ನಮ್ಮ ಕಥೆಗಳಲ್ಲಿ ಪ್ರಾಣಿಗಳು ಬಹಳ ಮಾತಾಡುತ್ತವೆ. ಪುಣ್ಯಕೋಟಿ ಹುಲಿಯೊಡನೆ ಮಾತಾಡಿದ್ದು ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಹತ್ತನೆಯ ಶತಮಾನದಲ್ಲಿ ಬಸ್ರಾದ ‘ಇಖ್ವಾನುಸ್ಸಫಾ’ ಎಂಬ ಚಿಂತಕರ ಬಳಗ ಬರೆದ ಒಂದು ಕಥೆಯಲ್ಲಿ ಪ್ರಾಣಿಗಳೆಲ್ಲ ಸೇರಿ ಜಿನ್ನುಗಳ ರಾಜನ ಮುಂದೆ ಮನುಷ್ಯನ ಮೇಲೆ ದಾವೆ ಹೂಡುತ್ತವೆ. ಅದನ್ನು ಮೌಲವಿ ಇಕ್ರಾಮ್ ಅಲಿ 1810ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗಾಗಿ ಉರ್ದುವಿಗೆ ತಂದರು. ಕುರಿ, ಕುದುರೆ, ಹೇಸರಗತ್ತೆ ಒಂದೊಂದೂ ಎದ್ದು ನಿಂತು ವಕೀಲರಂತೆ ವಾದಿಸುವುದನ್ನು ಓದುವಾಗ ಖುಷಿಯಾಗುತ್ತದೆ. ಪುಸ್ತಕ ಮುಚ್ಚಿ ಹಿತ್ತಲಿಗೆ ಹೋದರೆ ಅಲ್ಲಿರುವ ಕುರಿ ಏನೂ ಹೇಳುವುದಿಲ್ಲ. ಹೇಳುವುದಿಲ್ಲವಷ್ಟೇ ಅಲ್ಲ, ಮುಚ್ಚಿಡುತ್ತದೆ. ಬೇಟೆಗೆ ಬಲಿಯಾಗುವ ಪ್ರಾಣಿಗಳ ಹುಟ್ಟುಗುಣ ಅದು. ಹಿಂಡಿನಲ್ಲಿ ಕುಂಟುವುದನ್ನು, ಹಿಂದೆ ಬೀಳುವುದನ್ನು, ತಲೆ ಜೋತುಬಿಟ್ಟದ್ದನ್ನು ತೋಳ ಮೊದಲು ಗುರುತಿಸುತ್ತದೆ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಅಭಯಾರಣ್ಯವಿದೆ. ರಾರಾವಿಯ ಹಿತ್ತಲಿಗೆ ತೋಳ ಬರುವುದಿಲ್ಲ. ಆದರೆ ಕಟ್ಟಿಹಾಕಿದ ಟಗರಿನ ರಕ್ತದಲ್ಲಿ ಆ ಭಯ ಇನ್ನೂ ಇದೆ. ಮೈಯಲ್ಲಿ ಬೇನೆ ಇದ್ದರೂ ಮೇವಿನ ಮುಂದೆ ನಿಂತು ಮೇದಂತೆ ಮಾಡುತ್ತದೆ. ಅದು ಸೋತು ಮಲಗಿದಾಗ ‘ನಿನ್ನೆವರೆಗೂ ಚೆನ್ನಾಗಿತ್ತು’ ಎನ್ನುತ್ತೇವೆ. ನಿನ್ನೆಯೂ ಚೆನ್ನಾಗಿರಲಿಲ್ಲ, ನಮಗೆ ಕಾಣಲಿಲ್ಲ, ಅಷ್ಟೆ.

ಹದೀಸುಗಳಲ್ಲಿ ಎರಡು ಒಂಟೆಗಳ ಪ್ರಸಂಗ ಬರುತ್ತದೆ. ಎರಡೂ ಅಬೂದಾವೂದರ ಸಂಗ್ರಹದಲ್ಲಿವೆ. ಒಂದರಲ್ಲಿ ಪ್ರವಾದಿ(ಸ) ಮದೀನದ ಅನ್ಸಾರಿಯೊಬ್ಬರ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ನರಳುತ್ತದೆ, ಅದರ ಕಣ್ಣಲ್ಲಿ ನೀರು ಬರುತ್ತದೆ. ಅವರು ಅದರ ತಲೆ ನೇವರಿಸಿ, ಒಡೆಯನನ್ನು ಕರೆಸಿ, ನೀನು ಇದನ್ನು ಹಸಿವಿನಲ್ಲಿಟ್ಟು ದುಡಿಸುತ್ತಿದ್ದೀಯೆಂದು ಇದು ದೂರುತ್ತಿದೆ ಎನ್ನುತ್ತಾರೆ. ವಾಜಿನ ಸಭೆಗಳಲ್ಲಿ ಈ ಒಂಟೆಯ ಕಥೆ ಹೆಚ್ಚು ಕೇಳಿಬರುತ್ತದೆ. ಇನ್ನೊಂದು ಒಂಟೆಯದು ಬಹಳ ಚಿಕ್ಕ ಪ್ರಸಂಗ. ಅದು ಅಳಲಿಲ್ಲ, ನರಳಲಿಲ್ಲ. ದಾರಿಯಲ್ಲಿ ನಿಂತಿತ್ತು, ಹೊಟ್ಟೆ ಬೆನ್ನಿಗೆ ಅಂಟಿತ್ತು. ಅದನ್ನು ಕಂಡೇ ಪ್ರವಾದಿಯವರು ಈ ಬಾಯಿಲ್ಲದ ಜೀವಿಗಳ ವಿಷಯದಲ್ಲಿ ದೇವರ ಭಯವಿರಲಿ ಎಂದು ಎಚ್ಚರಿಸಿದರು. ನಮ್ಮ ಮಟ್ಟಿಗೆ ಈ ಎರಡನೆಯ ಒಂಟೆಯೇ ದೊಡ್ಡದು. ಮೊದಲನೆಯದು ಪ್ರವಾದಿಗೆ ಮಾತ್ರ ಸಾಧ್ಯವಾದ ವಿಷಯ. ಪ್ರಾಣಿ ಬಂದು ನಮ್ಮ ಬಳಿ ದೂರುವುದಿಲ್ಲ. ಎರಡನೆಯದು ಕಣ್ಣಿದ್ದ ಯಾರಿಗೂ ಸಾಧ್ಯ. ಹೊಟ್ಟೆ ಎಲ್ಲಿದೆ, ಬೆನ್ನು ಎಲ್ಲಿದೆ ಎಂದು ನೋಡಿದರೆ ಸಾಕಿತ್ತು. ಆ ದಾರಿಯಲ್ಲಿ ಓಡಾಡುತ್ತಿದ್ದ ಉಳಿದವರಿಗೂ ಅದು ಕಾಣಿಸಿರಲೇಬೇಕು.

ಆದರೆ ಕುರಿಯಲ್ಲಿ ನೋಟವೊಂದೇ ಸಾಲದು. ಬಳ್ಳಾರಿ ಕುರಿ ಎಂದೇ ಹೆಸರಾದ ನಮ್ಮ ತಳಿಗೆ ಒರಟಾದ ಉಣ್ಣೆ. ಕಂಬಳಿಗೆ ಒದಗುವ ಉಣ್ಣೆ ಅದು. ಈ ಉಣ್ಣೆ ಸುಳ್ಳು ಹೇಳುತ್ತದೆ. ಹೊರಗಿನಿಂದ ದುಂಡಗೆ ಕಾಣುವ ಕುರಿಯ ಉಣ್ಣೆಯೊಳಗೆ ಬೆರಳು ತೂರಿಸಿ, ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನಿನ ಮೂಳೆಯನ್ನು ಒತ್ತಿ ನೋಡಿದರೆ ನಿಜ ಸಿಗುತ್ತದೆ. ಮೂಳೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಅದು ಸೊರಗಿದೆ. ಮಾಂಸದಡಿ ನಯವಾಗಿ ಸಿಕ್ಕರೆ ಸರಿಯಾಗಿದೆ. ಒತ್ತಿದರೂ ಸಿಗದಿದ್ದರೆ ಕೊಬ್ಬು ಹೆಚ್ಚಾಗಿದೆ. ಪಶುವೈದ್ಯರು ಇದಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಕುರುಬರು ಅಂಕ ಕೊಡುವುದಿಲ್ಲ, ಕೈ ಇಟ್ಟು ತಲೆಯಾಡಿಸುತ್ತಾರೆ. ಕೆಳಗಿನ ಕಣ್ಣುರೆಪ್ಪೆ ಮಗುಚಿ ಬಣ್ಣ ನೋಡುವುದೂ ಹಾಗೆಯೇ. ಕೆಂಪಿದ್ದರೆ ರಕ್ತವಿದೆ, ಬಿಳಿಚಿದ್ದರೆ ಹೊಟ್ಟೆಯ ಹುಳು ರಕ್ತ ಹೀರುತ್ತಿದೆ. ದಕ್ಷಿಣ ಆಫ್ರಿಕದ ಪಶುವೈದ್ಯರು 1990ರ ದಶಕದಲ್ಲಿ ಇದಕ್ಕೆಂದೇ ಐದು ಬಣ್ಣದ ಪಟ್ಟಿಯ ಕಾರ್ಡು ಮಾಡಿದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ಕುರಿಯ ಮುಖದಲ್ಲಿ ನೋವನ್ನು ಓದುವ ಮಾಪನವನ್ನೇ ಪ್ರಕಟಿಸಿದರು: ಕಿರಿದಾದ ಕಣ್ಣು, ಬಿಗಿದ ಕೆನ್ನೆ, ಹಿಂದಕ್ಕೆ ತಿರುಗಿದ ಕಿವಿ, ಮೂಗಿನ ಹೊಳ್ಳೆಯ ಆಕಾರ. ಕುರಿಗೆ ಮುಖವಿದೆ ಎಂಬುದನ್ನು ತಿಳಿಯಲು ವಿಶ್ವವಿದ್ಯಾಲಯ ಬೇಕಾಯಿತೇ ಎಂದು ನಗಬೇಡಿ. ಹಿತ್ತಲಲ್ಲಿ ಟಗರು ಕಟ್ಟಿದ ನಮ್ಮಲ್ಲಿ ಎಷ್ಟು ಜನ ಅದರ ಮುಖ ನೋಡಿದ್ದೇವೆ? ನೋಡುವುದು ಕೊಂಬು, ತೊಡೆ, ಹಲ್ಲು.

ಉಣ್ಣೆಯೊಳಗೆ ಕೈಯಿಡುವ ಮಾತು ಬಂದಾಗ ನಮಗೆ ಧಾನ್ಯದ ರಾಶಿಯ ಪ್ರಸಂಗ ನೆನಪಾಗುತ್ತದೆ. ಮದೀನದ ಪೇಟೆಯಲ್ಲಿ ಪ್ರವಾದಿಯವರು ಒಂದು ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆ ಬಿದ್ದು ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ನೆನೆದದ್ದನ್ನು ಮೇಲೆಯೇ ಇಡಬಾರದಿತ್ತೇ ಎಂದು ಅವರು ಕೇಳಿದರು. ಭತ್ತ ಬೆಳೆದು ಮಾರುವ ಸಿರುಗುಪ್ಪದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈ ಒಳಗೆ ಹೋಗಬೇಕು, ಒಳಗೆ ಸಿಕ್ಕದ್ದನ್ನು ಮೇಲೆ ತಂದು ತೋರಿಸಬೇಕು. ನಿಗಾದ ಕೆಲಸ ಎರಡು, ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಇನ್ನು ತಕ್ಕಡಿಯ ವಿಚಾರ. ತಕ್ಕಡಿಯನ್ನು ನಂಬಬೇಕು, ಆದರೆ ಕುರುಡಾಗಿ ಅಲ್ಲ. ಕುರಿಯ ಹೊಟ್ಟೆ ದೊಡ್ಡ ಚೀಲ. ನೀರು ಕುಡಿಸಿ ತೂಗಿದರೆ ಒಂದು ಲೆಕ್ಕ, ಬೆಳಗಿನ ಬರಿಹೊಟ್ಟೆಯಲ್ಲಿ ತೂಗಿದರೆ ಇನ್ನೊಂದು. ಸಂತೆಯ ಹಿಂದಿನ ರಾತ್ರಿ ಉಪ್ಪು ತಿನ್ನಿಸಿ ಹೊಟ್ಟೆ ತುಂಬ ನೀರು ಕುಡಿಸುವ ಚಾಲಾಕಿಯೂ ಇದೆ. ಆರೋಗ್ಯ ತಿಳಿಯಲು ತೂಗುವವರು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಮೇವು ಹಾಕುವ ಮೊದಲು ತೂಗಬೇಕು. ಒಂದು ದಿನದ ಅಂಕಿ ಏನನ್ನೂ ಹೇಳುವುದಿಲ್ಲ. ನಾಲ್ಕು ವಾರದ ಅಂಕಿಗಳು ಒಂದರ ಕೆಳಗೊಂದು ಕುಳಿತಾಗ ಬಾಯಿ ಬಿಡುತ್ತವೆ. ಆಗಲೂ ಮೋಸವಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ನೀರು ಬಂದ ಮೇಲೆ ಸಿರುಗುಪ್ಪದ ಕಡೆ ಭತ್ತ ಬಂತು. ಕಾಲುವೆ, ಕೆಸರು, ನಿಂತ ನೀರು ಇದ್ದಲ್ಲಿ ಸಣ್ಣ ಬಸವನಹುಳುಗಳಿರುತ್ತವೆ. ಅವುಗಳ ಮೈಯಲ್ಲಿ ಬೆಳೆದು ಹುಲ್ಲಿನ ತುದಿಗೆ ಅಂಟಿಕೊಳ್ಳುವ ಜಂತು ಕುರಿಯ ಹೊಟ್ಟೆ ಸೇರಿ ಪಿತ್ತಕೋಶದ ದಾರಿಯಲ್ಲಿ ಮನೆ ಮಾಡುತ್ತದೆ. ಯಕೃತ್ತು ಕೆಡುತ್ತಾ ಬಂದಂತೆ ಮಾಂಸ ಕರಗುತ್ತದೆ, ಆದರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ತಕ್ಕಡಿಯಲ್ಲಿ ಕರಗಿದ ಮಾಂಸದ ಲೆಕ್ಕವನ್ನು ತುಂಬಿದ ನೀರು ಸರಿಮಾಡಿಬಿಡುತ್ತದೆ. ತೂಕ ಅಷ್ಟೇ ಇದೆ ಎಂದು ನಾವು ನೆಮ್ಮದಿಯಾಗಿರುತ್ತೇವೆ, ಒಳಗೆ ಕುರಿ ಮುಗಿಯುತ್ತಿರುತ್ತದೆ.

ದೂರದ ಒಂದು ಉದಾಹರಣೆಯನ್ನೂ ಇಲ್ಲಿಡಬೇಕು. ನಮ್ಮ ಬಂಧುಗಳೊಬ್ಬರ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳು ದೇಗು ಎಂಬ ಪ್ರಾಣಿಗಳೆರಡನ್ನು ಸಾಕಿದ್ದಾಳೆ. ಇಲಿಗಿಂತ ತುಸು ದೊಡ್ಡದು, ಬಾಲದ ತುದಿಯಲ್ಲಿ ಕುಚ್ಚು. ದಕ್ಷಿಣ ಅಮೆರಿಕದ ಚಿಲಿ ದೇಶದ್ದು. 1782ರಲ್ಲಿ ಅಲ್ಲಿಯವರೇ ಆದ ಪಾದ್ರಿ ಹುವಾನ್ ಇಗ್ನಾಸಿಯೊ ಮೊಲಿನಾ ಅದನ್ನು ಮೊದಲು ವರ್ಣಿಸಿದರು. ಗುಂಪಿನಲ್ಲಿ ಬದುಕುವ ಪ್ರಾಣಿಯಾದ್ದರಿಂದ ಒಂದನ್ನೇ ಸಾಕಬಾರದಂತೆ. ಅವಳು ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಅದರಲ್ಲಿ ದೇಗುವನ್ನು ಕೂರಿಸಿ ತೂಗಿ ಪುಸ್ತಕದಲ್ಲಿ ಬರೆದಿಡುತ್ತಾಳೆ. ಇನ್ನೂರು ಗ್ರಾಮಿನ ಆಸುಪಾಸಿನ ಜೀವ. ಇಪ್ಪತ್ತು ಗ್ರಾಮ್ ಇಳಿದರೆ ವೈದ್ಯರ ಬಳಿ ಓಡಬೇಕು. ಇಲಿಗೆ ತೂಕ ನೋಡುತ್ತಾಳಂತೆ ಎಂದು ನಮ್ಮ ಮನೆಯ ಹಿರಿಯರು ನಕ್ಕರು. ನಮಗೆ ನಗು ಬರಲಿಲ್ಲ. ಯಾಕೆಂದರೆ ಆ ತೂಕದಿಂದ ಅವಳಿಗೆ ಒಂದು ಪೈಸೆಯ ಲಾಭವಿಲ್ಲ. ಬೆಲೆಯ ಸೋಂಕಿಲ್ಲದ ತೂಕ ಅದು. ಅವಳು ಹೇಳಿದ ಇನ್ನೊಂದು ಸಂಗತಿ ಬಹಳ ದಿನ ನಮ್ಮನ್ನು ಕಾಡಿತು. ದೇಗುವಿನ ಮೈಗೆ ಸಕ್ಕರೆ ಆಗಿಬರುವುದಿಲ್ಲ. ಮುದ್ದಿಗೆಂದು ದ್ರಾಕ್ಷಿ, ಬಾಳೆಹಣ್ಣು ತಿನ್ನಿಸುತ್ತಾ ಹೋದರೆ ಅದಕ್ಕೆ ಸಿಹಿಮೂತ್ರ ರೋಗ ಬರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಅದು ಆಸೆಯಿಂದ ತಿನ್ನುತ್ತದೆ, ಕೊಡುವವರು ಪ್ರೀತಿಯಿಂದ ಕೊಡುತ್ತಾರೆ.

ನಮ್ಮ ಹಿತ್ತಲಿನ ಟಗರಿನ ಕಥೆಯೂ ಇದೇ. ಹಬ್ಬ ಹತ್ತಿರವಾದಂತೆ ಅಕ್ಕಿ, ಜೋಳ, ಉಳಿದ ಬಿರಿಯಾನಿ ಅದರ ಮುಂದೆ ಬೀಳುತ್ತದೆ. ಹುಲ್ಲು ಸೊಪ್ಪಿಗೆ ಹದವಾದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಅದು ಒಳಗೆ ಹುಳಿಯುತ್ತದೆ, ಆಮ್ಲ ಏರುತ್ತದೆ, ಮೆಲುಕು ನಿಲ್ಲುತ್ತದೆ. ಒಂದೆರಡು ದಿನದಲ್ಲಿ ಪ್ರಾಣವೂ ಹೋಗಬಹುದು. ಅಷ್ಟರೊಳಗೆ ಮನೆಯವರು ನಿಂಬೆಹಣ್ಣು ಇಳಿಸಿ ನಜರ್ ತೆಗೆದಿರುತ್ತಾರೆ. ಕಣ್ಣು ತಾಗಿತು ಎಂದು ನಾವು ಯಾರನ್ನೋ ಬೈಯುತ್ತೇವೆ. ತಾಗಿದ್ದು ನಮ್ಮದೇ ಕೈ.

ನಮ್ಮ ಓಣಿಯಲ್ಲಿ ಒಬ್ಬ ತಾಯಿ ಇದ್ದಾರೆ. ಗಂಡ ಇಲ್ಲ. ಪ್ರತಿ ವರ್ಷ ಒಂದು ಮರಿ ತಂದು, ಸಾಕಿ, ಬಕ್ರೀದಿಗೆ ಮಾರುತ್ತಾರೆ. ವರ್ಷದ ಖರ್ಚಿನ ದೊಡ್ಡ ಪಾಲು ಅದರಿಂದಲೇ ಬರಬೇಕು. ಅವರೂ ತೂಕ ಹಾಕಿಸುವವರಲ್ಲ. ಆದರೆ ಒಂದು ದಾರ ಇಟ್ಟುಕೊಂಡಿದ್ದಾರೆ. ಜುಮ್ಮಾದ ಬೆಳಿಗ್ಗೆ ಟಗರಿನ ಮುಂಗಾಲಿನ ಹಿಂದೆ, ಉಣ್ಣೆ ಸರಿಸಿ, ಎದೆಯ ಸುತ್ತ ದಾರ ಬಳಸಿ ಗಂಟು ಹಾಕುತ್ತಾರೆ. ಹೋದ ವಾರದ ಗಂಟಿಗಿಂತ ಈ ವಾರದ್ದು ಮುಂದೆ ಹೋಯಿತೋ ಹಿಂದೆ ಬಂತೋ ಎಂಬುದೇ ಅವರ ಲೆಕ್ಕ. ಎದೆಯ ಸುತ್ತಳತೆಯಿಂದ ತೂಕ ಅಂದಾಜಿಸುವುದು ಪಶುವೈದ್ಯರಿಗೂ ಗೊತ್ತಿರುವ ಕ್ರಮವೇ. ಇವರು ಅದನ್ನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ಕೆಲವು ವರ್ಷಗಳ ಹಿಂದೆ ಹಬ್ಬಕ್ಕೆ ಇಪ್ಪತ್ತು ದಿನ ಇರುವಾಗ ದಾರದ ಗಂಟು ಹಿಂದೆ ಬಂತು. ಮರುವಾರ ಇನ್ನೂ ಹಿಂದೆ. ಟಗರು ಮೇಯುತ್ತಿತ್ತು, ಹೊಟ್ಟೆ ತುಂಬಿಕೊಂಡೇ ಕಾಣುತ್ತಿತ್ತು. ಅದನ್ನು ನೋಡಲು ಬಂದ ವ್ಯಾಪಾರಿ ಬೆಳಿಗ್ಗೆ ಬಂದ, ನೋಡಿದ, ಒಳ್ಳೆಯ ಬೆಲೆಯನ್ನೇ ಹೇಳಿದ. ಸಂಜೆ ಅದು ಮೇದು ಬಂದಾಗ ಗದ್ದದ ಕೆಳಗೆ ಮೆತ್ತಗಿನ ಬಾವು. ಈ ಕಾಯಿಲೆಯ ಗುಣವೇ ಹಾಗೆ. ತಲೆ ತಗ್ಗಿಸಿ ಮೇದ ಸಂಜೆಗೆ ಗದ್ದಕ್ಕೆ ನೀರು ಇಳಿಯುತ್ತದೆ, ರಾತ್ರಿ ತಲೆಯೆತ್ತಿ ಮಲಗಿದ ಮೇಲೆ ಬೆಳಿಗ್ಗೆಗೆ ಕಡಿಮೆಯಾಗಿರುತ್ತದೆ. ಬೆಳಿಗ್ಗೆ ಮಾತ್ರ ನೋಡುವವರಿಗೆ ಅದು ಕಾಣುವುದೇ ಇಲ್ಲ. ಪಶುವೈದ್ಯರು ಬಂದು ಕಣ್ಣುರೆಪ್ಪೆ ನೋಡಿ, ಹಿಕ್ಕೆ ಪರೀಕ್ಷೆ ಮಾಡಿಸಿ ಯಕೃತ್ತಿನ ಜಂತು ಎಂದರು. ಔಷಧಿಯಿದೆ, ಆದರೆ ಕೊಟ್ಟ ಮೇಲೆ ನಿಗದಿಯಾದಷ್ಟು ದಿನ ಮಾಂಸಕ್ಕೆ ಬಳಸಬಾರದು. ಅಂದರೆ ಈ ಹಬ್ಬಕ್ಕೆ ಆ ಟಗರು ಇಲ್ಲ. ಓಣಿಯವರ ಸಲಹೆ ಒಂದೇ: ನಾಳೆ ಬೆಳಿಗ್ಗೆಯೇ ಕೊಟ್ಟುಬಿಡು.

ಕುರ್ಬಾನಿಯ ನಿಯಮ ಇಲ್ಲಿ ಏನು ಹೇಳುತ್ತದೆ? ನಾಲ್ಕು ಬಗೆಯ ಪ್ರಾಣಿ ಸಲ್ಲುವುದಿಲ್ಲ: ಸ್ಪಷ್ಟವಾಗಿ ಒಂದು ಕಣ್ಣಿಲ್ಲದ್ದು, ಸ್ಪಷ್ಟವಾಗಿ ರೋಗಿಯಾದದ್ದು, ಸ್ಪಷ್ಟವಾಗಿ ಕುಂಟುವುದು, ಮೂಳೆಯಲ್ಲಿ ಮಜ್ಜೆಯಿಲ್ಲದಷ್ಟು ಸೊರಗಿದ್ದು. ‘ಸ್ಪಷ್ಟವಾಗಿ’ ಎಂಬುದು ಕೊಳ್ಳುವವನಿಗೆ ಕೊಟ್ಟ ರಿಯಾಯಿತಿ ಎಂದು ನಾವು ತಿಳಿದಿದ್ದೇವೆ. ಅವನು ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಜವಾಬ್ದಾರ. ಸಾಕಿದವನಿಗೆ ಆ ರಿಯಾಯಿತಿ ಇಲ್ಲ. ಐವತ್ತು ಶುಕ್ರವಾರ ದಾರ ಕಟ್ಟಿದವರಿಗೆ ಅಸ್ಪಷ್ಟವಾದದ್ದೂ ಸ್ಪಷ್ಟವೇ. ಇದು ನಿಗಾದ ವಿಚಿತ್ರ ಶಿಕ್ಷೆ. ನೋಡದೆ ಇದ್ದವನು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗಬಹುದು. ಕಾಳಜಿಯಿಂದ ನೋಡಿದವನಿಗೆ ಆ ಬಾಗಿಲು ಮುಚ್ಚಿಹೋಗಿರುತ್ತದೆ. ಬಹಳ ಜನ ಸಾಕಿದ ಪ್ರಾಣಿಯನ್ನು ಹತ್ತಿರದಿಂದ ನೋಡದಿರುವುದಕ್ಕೆ ಇದೂ ಒಂದು ಕಾರಣವಿರಬಹುದೇನೋ. ವಯಸ್ಸಾದ ತಂದೆತಾಯಿಯ ವಿಷಯದಲ್ಲೂ ಹಾಗೆ ಮಾಡುವವರನ್ನು ಕಂಡಿದ್ದೇವೆ.

ಆ ತಾಯಿ ಕೊಡಲಿಲ್ಲ, ಔಷಧಿ ಹಾಕಿಸಿದರು. ಆ ವರ್ಷ ಅವರ ಮನೆಯಲ್ಲಿ ಸಾಲವಾಯಿತು. ಇದನ್ನು ಹೇಳಿದರೆ ಕೆಲವರು ಕೇಳುತ್ತಾರೆ: ಅವರು ವಾರವಾರ ದಾರ ಕಟ್ಟಿದ್ದು ಟಗರಿನ ಮೇಲಿನ ಪ್ರೀತಿಗೋ, ಬರುವ ದುಡ್ಡಿನ ಮೇಲಿನ ಆಸೆಗೋ? ನಮ್ಮ ಅಭಿಪ್ರಾಯದಲ್ಲಿ ಈ ಪ್ರಶ್ನೆಯನ್ನು ಕೇಳುವ ಹೊತ್ತು ತಪ್ಪು. ದುಡ್ಡಿಗಾಗಿಯೇ ನೋಡಿದರೂ ಆ ನೋಟದಿಂದ ಟಗರಿಗೆ ಮೇವು ಸಿಕ್ಕಿದೆ, ನೆರಳು ಸಿಕ್ಕಿದೆ, ಹುಳದ ಔಷಧಿ ಸಿಕ್ಕಿದೆ. ಬಡವರ ಕಾಳಜಿಯಲ್ಲಿ ಲಾಭದ ಕಲಬೆರಕೆ ಇದೆಯೆಂದು ಮೂಗು ಮುರಿಯುವುದು ಹೊಟ್ಟೆ ತುಂಬಿದವರ ಚಾಳಿ. ಒಡೆಯನ ಹಿತವೂ ಪ್ರಾಣಿಯ ಹಿತವೂ ಒಂದೇ ದಾರಿಯಲ್ಲಿ ನಡೆಯುವಷ್ಟು ದಿನ ಎರಡನ್ನೂ ಬಿಡಿಸಿ ನೋಡಲು ಬರುವುದಿಲ್ಲ, ನೋಡಬೇಕಾದ ಅಗತ್ಯವೂ ಇಲ್ಲ. ಎಂದೋ ಒಂದು ಸಂಜೆ, ಗದ್ದದ ಕೆಳಗೆ ಬಾವು ಕಂಡಾಗ, ದಾರಿ ಎರಡಾಗುತ್ತದೆ. ಅದುವರೆಗಿನ ನೋಟ ನಿಗಾ ಆಗಿತ್ತೋ ನಜರ್ ಆಗಿತ್ತೋ ಎಂಬುದು ಅಂದು ತೀರ್ಮಾನವಾಗುತ್ತದೆ. ಮೊದಲು ಕೇಳಿದ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ನೀಯತ್ತಿನ ವ್ಯತ್ಯಾಸ ಪ್ರಾಣಿಗೆ ಆ ದಿನದವರೆಗೆ ತಿಳಿಯದು. ಆ ದಿನ ಮೈಗೇ ತಿಳಿಯುತ್ತದೆ.

ನಮ್ಮ ಶಾಕಾಹಾರಿ ಸ್ನೇಹಿತರ ಆಕ್ಷೇಪ ಬೇರೆ, ಅದು ಇನ್ನೂ ಗಟ್ಟಿಯಾದದ್ದು. ಕೊನೆಗೆ ಕೊಯ್ಯುವ ಪ್ರಾಣಿಯ ಆರೋಗ್ಯ ನೋಡಿಕೊಳ್ಳುವುದರಲ್ಲಿ ಏನು ಪುಣ್ಯ? ಔಷಧಿ ಕೊಟ್ಟು ಗುಣಪಡಿಸಿದ್ದು ಮುಂದಿನ ವರ್ಷದ ಚೂರಿಗಲ್ಲವೇ? ಈ ಮಾತಿಗೆ ಜಾಣತನದ ಉತ್ತರ ಕೊಡಲು ನಾವು ಇಷ್ಟಪಡುವುದಿಲ್ಲ. ನಾವು ಮಾಂಸ ತಿನ್ನುವವರು. ಸಾಕಿದ್ದರಿಂದ ಕೊಯ್ದದ್ದು ಹಗುರವಾಗುತ್ತದೆ ಎಂದು ವಾದಿಸಿದರೆ ಅದು ಲೆಕ್ಕಾಚಾರವಾಗುತ್ತದೆ. ಆದರೆ ಕೊಯ್ಯುತ್ತೇವೆಂಬ ಕಾರಣಕ್ಕೆ ಸಾಕುವುದು ಬರೀ ನಾಟಕ ಎಂಬುದನ್ನೂ ಒಪ್ಪಲಾರೆವು. ಕುರಿಗೆ ಮುಂದಿನ ಬಕ್ರೀದು ಗೊತ್ತಿಲ್ಲ, ಇಂದಿನ ಹೊಟ್ಟೆನೋವು ಗೊತ್ತು. ಅದರ ಆಯಸ್ಸು ಒಂದೊಂದು ದಿನವಾಗಿ ಬರುತ್ತದೆ. ಆ ದಿನಗಳು ಅದರವು, ನಮ್ಮ ಹಬ್ಬದವಲ್ಲ. 1262ರಲ್ಲಿ ತೀರಿಕೊಂಡ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಎಂಬ ಧರ್ಮಶಾಸ್ತ್ರಜ್ಞರು ಮನುಷ್ಯನ ಮೇಲೆ ಪ್ರಾಣಿಗಿರುವ ಹಕ್ಕುಗಳನ್ನು ಬರೆಯುವಾಗ, ಮುದಿಯಾಗಿ ಇಲ್ಲವೇ ರೋಗಿಯಾಗಿ ಯಾವ ಪ್ರಯೋಜನಕ್ಕೂ ಬಾರದಿದ್ದರೂ ಅದರ ಖರ್ಚು ನೋಡಿಕೊಳ್ಳಬೇಕು ಎಂಬುದನ್ನು ಸೇರಿಸಿದ್ದಾರೆ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಮೂರನೆಯ ಕಲಮು ಕೂಡ ಪ್ರಾಣಿಯನ್ನು ಇಟ್ಟುಕೊಂಡ ಪ್ರತಿಯೊಬ್ಬರ ಮೇಲೂ ಅದರ ಕ್ಷೇಮದ ಹೊಣೆ ಹೊರಿಸುತ್ತದೆ. ಒಂದು ಶಾಸ್ತ್ರ, ಇನ್ನೊಂದು ಕಾಯ್ದೆ. ಎರಡಕ್ಕೂ ಸಾಕ್ಷಿ ಹೇಳಲು ಪ್ರಾಣಿ ಬರುವುದಿಲ್ಲವಾದ್ದರಿಂದ ಎರಡೂ ಕಪಾಟಿನಲ್ಲಿವೆ. ಕರ್ನಾಟಕದಲ್ಲಿ ಈಗ 1962ಕ್ಕೆ ಫೋನು ಮಾಡಿದರೆ ಪಶುವೈದ್ಯರ ವಾಹನ ಊರಿಗೇ ಬರುವ ವ್ಯವಸ್ಥೆ ಇದೆ. ಆದರೆ ಫೋನು ಮಾಡುವ ಮೊದಲು ಯಾರಾದರೂ ಗಮನಿಸಿರಬೇಕಲ್ಲ.

ಆ ಟಗರು ಗುಣವಾಯಿತು. ಎರಡು ತಿಂಗಳಲ್ಲಿ ಗಂಟು ಮುಂದೆ ಬಂತು, ಚಳಿಗಾಲದ ಹೊತ್ತಿಗೆ ಮೊದಲಿನದನ್ನೂ ದಾಟಿತು. ಮುಂದಿನ ಬಕ್ರೀದಿಗೆ ಅದನ್ನು ಮಾರಿದರು, ಮಾರದೆ ಗತಿಯಿರಲಿಲ್ಲ. ಅದೇ ವ್ಯಾಪಾರಿಯೇ ಬಂದ. ಹೋದ ವರ್ಷ ಇದಕ್ಕೆ ಏನಾಗಿತ್ತು, ಯಾವ ಔಷಧಿ ಯಾವ ತಿಂಗಳು ಹಾಕಿಸಿದ್ದು ಎಂಬುದನ್ನು ಅವನು ಕೇಳದಿದ್ದರೂ ಆಕೆ ಹೇಳಿದರು. ಅವನು ಟಗರಿನ ಗದ್ದ ಮುಟ್ಟಿ ನೋಡಿದ, ಬಾವೇನೂ ಇರಲಿಲ್ಲ. ಆದರೂ ಹೇಳಿದ ಬೆಲೆಯಲ್ಲಿ ಎರಡು ಸಾವಿರ ಇಳಿಸಿದ. ಆಕೆ ಎಣಿಸಿಕೊಂಡು, ಟಗರಿನ ಕೊರಳಿನ ಕರಿ ದಾರ ಬಿಚ್ಚಿಕೊಂಡು ಒಳಗೆ ಹೋದರು.